ಬಿಪನಾ ಕರೆದ ಹೆಂಗಸರ ಕೂಟ

ಸಿಮಲ್‌ಘಾಟಿನ ಗೈಡ್‌ಗಳ ಸಂಘದಲ್ಲಿ ಬಿಪನಾ ಮಹತೋ ಒಬ್ಬಳೇ ಹೆಂಗಸು. ರಾಪ್ತಿ ನದಿಯ ಈ ದಡದಲ್ಲಿ ಊರು, ಆ ದಡದಲ್ಲಿ ಅಭಯಾರಣ್ಯ. ಮಂಜು ಇನ್ನೂ ನೀರಿನ ಮೇಲೆ ಮಲಗಿರುವಾಗಲೇ ಗೈಡ್‌ಗಳು ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಾಟುತ್ತಾರೆ. ಕೈಯಲ್ಲಿ ಬಿದಿರು ದೊಣ್ಣೆ ಬಿಟ್ಟರೆ ಬೇರೆ ಆಯುಧವಿಲ್ಲ. ಹಾಗೆ ದಾಟುವವರಲ್ಲಿ ಒಬ್ಬಳು ಥಾರು ಬುಡಕಟ್ಟಿನ ಸೊಸೆ ಎಂಬುದನ್ನು ಊರು ಮೊದಮೊದಲು ಬಾಗಿಲಿಗೆ ಬಂದು ನಿಂತು ನೋಡಿತು. ಆಮೇಲೆ ನೋಡುವುದನ್ನು ಬಿಟ್ಟಿತು.

ಅವಳಿಗೆ ಕಾಡು ಕಲಿಸಿದವನು ಹೋಮನಾಥ ಪೌಡೇಲ್. ಐವತ್ತು ದಾಟಿದ ಬ್ರಾಹ್ಮಣ, ಊರವರ ಬಾಯಲ್ಲಿ ಬಾಹುನ, ಘಾಟಿನಲ್ಲೇ ಹಿರಿಯ ಗೈಡು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮಣ್ಣಿನಲ್ಲಿ ಒತ್ತಿದ ಹೆಜ್ಜೆ ಎಷ್ಟು ಹೊತ್ತಿನದು, ಘೇಂಡಾಮೃಗ ನುಗ್ಗಿ ಬಂದರೆ ಯಾವ ಮರ ಹತ್ತಬೇಕು, ಎಲ್ಲವನ್ನೂ ಅವನು ತಂಗಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟಿದ್ದ. ಅವನ ಬಾಯಲ್ಲಿ ಅವಳು ಬಹಿನಿ, ತಂಗಿ; ಅವಳ ಬಾಯಲ್ಲಿ ಅವನು ದಾಜು, ಅಣ್ಣ. ಒಂದನ್ನು ಮಾತ್ರ ಅವನು ಕಲಿಸಲಿಲ್ಲ, ಅವಳು ಕೇಳಲೂ ಇಲ್ಲ: ಇಡೀ ದಿನದ ನಡಿಗೆಯಲ್ಲಿ ಹೆಂಗಸು ಎಲ್ಲಿಗೆ ಹೋಗಬೇಕು? ಗಂಡಸರು ಬೇಕಾದಾಗ ಮರದ ಮರೆಗೆ ಸರಿಯುತ್ತಿದ್ದರು. ಬಿಪನಾ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಬಿಸಿಲಲ್ಲಿ ತುಟಿ ಒಡೆದರೂ ಬಾಟಲಿಗೆ ಬಾಯಿ ಹಚ್ಚುತ್ತಿರಲಿಲ್ಲ. ಮುಟ್ಟಿನ ದಿನಗಳು ಬಂದರೆ ಬಟ್ಟೆಯ ಮೇಲೆ ಬಟ್ಟೆ ಮಡಿಸಿಟ್ಟುಕೊಂಡು ದೇವರ ಮೇಲೆ ಭಾರ ಹಾಕುತ್ತಿದ್ದಳು.

ಚೈತ್ರದ ಒಂದು ಬೆಳಿಗ್ಗೆ ಆ ಭಾರ ಹೊರಲು ದೇವರು ಸಿಗಲಿಲ್ಲ.

ಅಂದು ಜೊತೆಯಲ್ಲಿದ್ದವರು ವಿದೇಶದ ಗಂಡ ಹೆಂಡತಿ. ಮುಂದೆ ಹೋಮನಾಥ, ಹಿಂದೆ ಬಿಪನಾ. ಸುಟ್ಟ ಹುಲ್ಲಿನ ನಡುವೆ ಹೊಸ ಹಸಿರು ಚಿಗುರಿತ್ತು. ಪೊದೆಯ ತಿರುವು ದಾಟಿದ್ದೇ ತಡ, ಮರಿ ಕಟ್ಟಿಕೊಂಡ ಘೇಂಡಾ ಎದುರಿಗೇ ನಿಂತಿತ್ತು. "ಹತ್ತಿ, ಮರ ಹತ್ತಿ!" ಎಂದು ಹೋಮನಾಥ ಕೂಗಿದ. ಬಿಪನಾ ದೊಣ್ಣೆಯನ್ನು ನೆಲಕ್ಕೆ ಬಡಿಯುತ್ತ, ಗಾಬರಿಯಲ್ಲಿ ಕಲ್ಲಾಗಿ ನಿಂತಿದ್ದ ಆ ಹೆಂಗಸನ್ನು ಹೆಗಲು ಕೊಟ್ಟು ಕೊಂಬೆಗೆ ಏರಿಸಿದಳು. ಹಿಂದೆಯೇ ಗಂಡನೂ ಹತ್ತಿದ. ಆಮೇಲೆ ಪಕ್ಕದ ಮರಕ್ಕೆ ಓಡಿ ತಾನು ಹತ್ತಿದಳು. ಅವಳ ಕಾಲ ಕೆಳಗೆ ಅದೇ ಮರಕ್ಕೆ ಹೋಮನಾಥ ಹತ್ತಿಕೊಂಡ. ಘೇಂಡಾ ಬುಡಕ್ಕೆ ಬಂದು ಉಸಿರು ಬಿಡುತ್ತ ನಿಂತಿತು.

ಎಲ್ಲರ ಜೀವ ಉಳಿದಿತ್ತು. ಹೊಗಳಬೇಕಾದ ಕೆಲಸವನ್ನೇ ಅವಳು ಮಾಡಿದ್ದಳು. ಆದರೆ ಮರ ಹತ್ತುವ ಭರದಲ್ಲಿ ಒಳಗಿನ ಬಟ್ಟೆ ಸರಿದಿತ್ತು. ತೊಡೆಯ ಒಳಗೆ ಬೆಚ್ಚಗೆ ಇಳಿಯುತ್ತಿರುವುದು ಅವಳಿಗೆ ಗೊತ್ತಾಯಿತು. ಕಾಲು ಜೋಡಿಸಿಕೊಳ್ಳಲು ನೋಡಿದಳು, ಕೊಂಬೆ ಬಿಡಲಿಲ್ಲ. ಕೆಳಗೆ ನೋಡಿದಾಗ ಹೋಮನಾಥನ ಕೈಯ ಹಿಂಬದಿಯ ಮೇಲೆ ಒಂದು ಕೆಂಪು ಹನಿ ಇತ್ತು. ಅವನು ಅದನ್ನು ನೋಡಿದ. ತಲೆಯೆತ್ತಿ ಅವಳನ್ನು ನೋಡಿದ. ಮರುಕ್ಷಣ ಮುಖ ತಿರುಗಿಸಿ, ಕೈಯನ್ನು ತೊಗಟೆಗೆ ಮೆಲ್ಲಗೆ ಒರೆಸಿಕೊಂಡ. ಕೆಳಗಿದ್ದ ಘೇಂಡಾ ಹೋಗದೆ ಅಲ್ಲೇ ಇದ್ದುಬಿಡಲಿ, ತಾನು ಇಳಿಯುವ ಹೊತ್ತೇ ಬಾರದಿರಲಿ ಎಂದು ಬಿಪನಾ ಬೇಡಿಕೊಂಡಳು.

ಅದು ಹೋಯಿತು. ಇಳಿದರು. ಅವಳು ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಒಳಗಿನ ಬನಿಯನ್ನಿನಲ್ಲೇ ಎಲ್ಲರಿಗಿಂತ ಹಿಂದೆ ನಡೆದಳು. ಆ ವಿದೇಶಿ ಹೆಂಗಸು ತನ್ನ ಶಾಲು ಕೊಡಲು ಬಂದಳು. ಆ ಕನಿಕರವೇ ಚೂರಿಯ ಹಾಗೆ ಇರಿಯಿತು. ಘಾಟಿನಲ್ಲಿ ದೋಣಿ ಇಳಿದಾಗ ಹೋಮನಾಥ ನೀರಂಚಿಗೆ ಕೂತು ಮರಳು ಹಾಕಿ ಕೈ ತಿಕ್ಕುತ್ತಿದ್ದ. ಬಹಳ ಹೊತ್ತು ತಿಕ್ಕಿದ. ಅವಳ ಕಡೆ ನೋಡಲಿಲ್ಲ.

ಸಂಜೆಯೊಳಗೆ ಸುದ್ದಿ ಊರ ಬಾಯಿಗೆ ಬಿದ್ದಿತ್ತು. ಹೋಮನಾಥನ ಮನೆಯಲ್ಲಿ ಚಿನ್ನ ಅದ್ದಿದ ನೀರು ಚಿಮುಕಿಸಿ ಅವನನ್ನು ಶುದ್ಧ ಮಾಡಿದರಂತೆ, ಬಟ್ಟೆ ಬರೆ ಎಲ್ಲ ಒಗೆಸಿದರಂತೆ. ಚಹಾ ಅಂಗಡಿಯಲ್ಲಿ ಅದಕ್ಕೊಂದು ಬಾಲ ಹುಟ್ಟಿತು: ಘೇಂಡಾ ಬಂದದ್ದೇ ಅವಳ ವಾಸನೆಗೆ. ಬಿಪನಾ ಹಾದು ಹೋಗುವಾಗ ಯಾರೋ, "ಮೂಗು ಮುಚ್ಕೊಳ್ರಪ್ಪಾ, ಘೇಂಡಾ ಬಂದ್ಬಿಡುತ್ತೆ," ಎಂದ. ಬೆಂಚಿನ ತುಂಬ ನಗೆ.

ವಾರ ಕಳೆಯುವುದರೊಳಗೆ ಸಂಘದ ಅಧ್ಯಕ್ಷ ಪ್ರೇಮಲಾಲ್ ಒಂದು ನಿಯಮ ತಂದ. ಹೆಣ್ಣು ಗೈಡುಗಳು ಪ್ರತಿ ತಿಂಗಳೂ ಆ ದಿನಗಳನ್ನು ಅಧ್ಯಕ್ಷರಿಗೆ ಮೊದಲೇ ತಿಳಿಸಿ ಕಾಡಿಗೆ ಇಳಿಯದೆ ಇರತಕ್ಕದ್ದು, ಇದು ಪ್ರವಾಸಿಗರ ಸುರಕ್ಷತೆಗಾಗಿ. ಹೆಣ್ಣು ಗೈಡುಗಳು ಎಂದರೆ ಅವಳೊಬ್ಬಳೇ. ಸಿಮ್ ಕಾರ್ಡು, ಬಿಯರು ಮಾರುವ ಅಂಗಡಿಯ ಗಲ್ಲಾದಲ್ಲಿ ಕೂತಿರುವ ಪ್ರೇಮಲಾಲನ ಎದುರು ತಿಂಗಳು ತಿಂಗಳೂ ಹೋಗಿ ನಿಂತು ನಾನು ಹೊರಗಾಗಿದ್ದೇನೆ ಎಂದು ಹೇಳುವುದು ಅವಳಿಂದ ಆಗುವಂತಿರಲಿಲ್ಲ. ಜ್ವರ ಎಂದು ಹೇಳಿಕಳಿಸಿ ಮನೆಯಲ್ಲಿ ಕೂತಳು.

ಸೊಸೆಯನ್ನು ಬುಹಾರಿ ಎಂದೇ ಕರೆಯುವ ಅತ್ತೆ ಬುಧನಿಗೆ ಕೋಪ ಬಂತು. "ನಾನು ಆ ಕಾಡಲ್ಲಿ ಮದುವೆಗೆ ಮುಂಚಿಂದ ಹುಲ್ಲು ಕೊಯ್ದೋಳು. ಎಲ್ಲಾ ದಿನಾನೂ ಕೊಯ್ದಿದ್ದೀನಿ. ಯಾವ ಘೇಂಡಾ ಬಂದು ನನ್ನ ಮೂಸಿ ನೋಡ್ತು? ಆ ಬಾಹುನರ ಮನೆ ಮೈಲಿಗೇನ ನಮ್ಮ ಮನೆಗೆ ಯಾಕೆ ಹೊತ್ಕೊಂಡ್ ಬಂದ್ಯೇ, ಬುಹಾರಿ?"

"ಸುಮ್ನಿರಿ ಅತ್ತೆ. ಮೆಲ್ಲಗೆ ಮಾತಾಡಿ."

"ಯಾಕೆ ಮೆಲ್ಲಗೆ? ಊರಿಗೆಲ್ಲ ಗೊತ್ತಿರೋದನ್ನ ಗೋಡೆಗೆ ಗೊತ್ತಾಗ್ದೇ ಇರ್ಲಿ ಅಂತಾನಾ?"

ಅತ್ತೆಯ ಮಾತು ಧೈರ್ಯ ಹೇಳುವ ಮಾತೇ. ಆದರೆ ಅತ್ತೆಯ ಬಾಯಲ್ಲೂ ಅದೇ ವಿಷಯ ಬಂತಲ್ಲ ಎಂದು ಬಿಪನಾ ಗೋಡೆಯ ಕಡೆ ತಿರುಗಿ ಮಲಗಿದಳು.

ಜ್ವರ ಎಂದು ಹೇಳಿದ ಸುಳ್ಳು ನಿಜವಾಯಿತು. ಉರಿಮೂತ್ರ, ಮೈಯೆಲ್ಲ ನಡುಕ. ಆರೋಗ್ಯ ಚೌಕಿಯ ಸಾಲಿನಲ್ಲಿ ಅವಳ ಪಕ್ಕ ಕೂತಿದ್ದವಳು ಪಂಫಾ ಕುಮಾಲ್, ಅರಣ್ಯ ಇಲಾಖೆಯ ಕಾವಲು ಠಾಣೆಯಲ್ಲಿ ಗಸ್ತು ತಿರುಗುವವಳು. ಮುಖ ಪರಿಚಯ ಇತ್ತು, ಮಾತಾಡಿದವರಲ್ಲ. ನರ್ಸು ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರಂತೆ ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದಳು: "ನೀರು ಕುಡಿಯಲ್ವಾ ನೀವು?" ಇಬ್ಬರಿಗೂ ಅದೇ ಮಾತ್ರೆ ಕೊಟ್ಟಳು.

ಹೊರಗೆ ಬಂದಾಗ ಇಬ್ಬರ ಕೈಯಲ್ಲೂ ಒಂದೇ ಬಣ್ಣದ ಪೊಟ್ಟಣ. ಪಂಫಾ ಅದನ್ನು ನೋಡಿ ಮೂಗಲ್ಲೇ ನಕ್ಕಳು. "ನಮ್ಮ ಠಾಣೆಲಿ ಎಲ್ಲಾ ಗಂಡಸ್ರು ದೀದಿ, ನಾನೊಬ್ಳೇ. ಒಂದು ಕಕ್ಕಸು. ಅದಕ್ಕೆ ಚಿಲಕ ಇಲ್ಲ. ಒಳಗೆ ಕೂತು ಹಾಡು ಹೇಳ್ತಿರ್ಬೇಕು, ಯಾರೂ ಬರ್ದೇ ಇರ್ಲಿ ಅಂತ. ಎಷ್ಟು ಹಾಡು ಅಂತ ಹೇಳೋದು?"

ಬಿಪನಾಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಸಮುದಾಯ ಅರಣ್ಯದ ಕಾವಲಿಗೆ ಮನ್‌ಸರಾ ಬೋಟೆ ಎಂಬ ಬೆಸ್ತರ ಹೆಂಗಸೊಬ್ಬಳಿದ್ದಾಳೆ. ಗಾಯಗೊಂಡ ಪ್ರಾಣಿಗಳಿಗೆ ಮದ್ದು ಮಾಡುವ ರೋಜಿನಾ ಎಂಬ ಹುಡುಗಿ ಇದ್ದಾಳೆ. ಸಸಿ ಬೆಳೆಸುವವರು, ಮೊಸಳೆ ಮರಿ ಸಾಕುವ ಕೊಳಗಳಲ್ಲಿ ಕೆಲಸ ಮಾಡುವವರು ಇದ್ದಾರೆ. ಎಲ್ಲರೂ ಅಲ್ಲೊಬ್ಬಳು ಇಲ್ಲೊಬ್ಬಳು, ಗಂಡಸರ ನಡುವೆ ಬಾಯಿ ಒಣಗಿಸಿಕೊಂಡು ಕೂತವರು. ಒಂದು ಕಡೆ ಸೇರಿದರೆ?

ಫೋನಿನಲ್ಲಿ ಸಂದೇಶ ಬರೆಯಲು ಕೂತಾಗ ಬೆರಳು ಓಡಲಿಲ್ಲ. ನಿಜವಾದ ಕಾರಣ ಬರೆದು ಅಳಿಸಿದಳು, ಬರೆದು ಅಳಿಸಿದಳು. ಕೊನೆಗೆ ಕಳಿಸಿದ್ದು ಇದು: ವನ್ಯಜೀವಿ ಸಂರಕ್ಷಣೆಯಲ್ಲಿ ದುಡಿಯುತ್ತಿರುವ ಮಹಿಳೆಯರ ಪರಿಚಯ ಕೂಟ, ಇಂಗ್ಲಿಷ್ ಮಾತುಗಾರಿಕೆ ಹಾಗೂ ವೃತ್ತಿ ಕೌಶಲದ ಕುರಿತು.

ಅಷ್ಟು ಚೆಂದದ ಸಂದೇಶ ಪ್ರೇಮಲಾಲನ ಕಿವಿಗೂ ಬಿತ್ತು. ಅವನಿಗೆ ಸಂತೋಷವೋ ಸಂತೋಷ. ಸಂಘದ ಹಾಲ್ ತಾನೇ ಬಿಟ್ಟುಕೊಟ್ಟ, ಬ್ಯಾನರ್ ಕಟ್ಟಿಸಿದ, ಚೆಂಡುಹೂವಿನ ಹಾರ ತರಿಸಿದ. ಶನಿವಾರ ಬಿಪನಾ ಹೋಗಿ ನೋಡಿದರೆ ವೇದಿಕೆಯ ಮೇಲೆ ಗಂಡಸರು ಸಾಲಾಗಿ ಕೂತಿದ್ದಾರೆ. ತುದಿಯ ಕುರ್ಚಿಯಲ್ಲಿ ಹೋಮನಾಥ. ಕೆಳಗೆ ಹನ್ನೆರಡು ಹೆಂಗಸರು.

ಪ್ರೇಮಲಾಲ್ ದೀಪ ಹಚ್ಚಿದ. ಮಹಿಳೆಯರು ಪ್ರಕೃತಿಯ ಸ್ವರೂಪ ಎಂದ. ಆಮೇಲೆ ಬಿಪನಾಳನ್ನು ಕರೆದ. ಅವಳು ಎದ್ದು ನಿಂತು ಸಂರಕ್ಷಣೆಯಲ್ಲಿ ಮಹಿಳೆಯರ ಪಾತ್ರ ಎಂದು ಶುರುಮಾಡಿದಳು. ಎರಡು ವಾಕ್ಯವಾದ ಮೇಲೆ ಮೊದಲಿನ ವಾಕ್ಯವನ್ನೇ ಮತ್ತೆ ಹೇಳಿದಳು. ಕೆಳಗೆ ಕೂತವರಿಗೆಲ್ಲ ಮರದ ಮೇಲಿನ ಕತೆ ಗೊತ್ತು. ಮೇಲೆ ಕೂತವರಿಗೂ ಗೊತ್ತು. ಗೊತ್ತಿರುವವರ ನಡುವೆ ಗೊತ್ತಿಲ್ಲದವಳ ಹಾಗೆ ನಿಂತು ಮಾತಾಡುವುದು ಬಟ್ಟೆ ಇಲ್ಲದೆ ನಿಂತ ಹಾಗಿತ್ತು.

ಮಧ್ಯದಲ್ಲಿ ಮನ್‌ಸರಾ ಎದ್ದಳು. ಬಿಸಿಲಿಗೆ ಸುಟ್ಟ ದೊಡ್ಡ ಮೈಯ ಹೆಂಗಸು. "ಬಹಿನಿ, ನಾನು ನದಿ ದಾಟಿ ಬಂದಿದ್ದೀನಿ. ನಮ್ಮನ್ನ ಕರೆದಿದ್ದು ಯಾತಕ್ಕೆ ಅಂತ ಬಿಡಿಸಿ ಹೇಳು."

ವೇದಿಕೆಯ ಮೇಲಿನ ಕಣ್ಣುಗಳೆಲ್ಲ ಬಿಪನಾಳ ಮೇಲೆ ಬಿದ್ದವು. ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಇಂಗ್ಲಿಷ್ ಕಲಿಯೋದಕ್ಕೆ, ದೀದಿ," ಎಂದಳು.

"ಇಂಗ್ಲಿಷಾ? ನಾನು ಮೊಸಳೆ ಹತ್ರ ಇಂಗ್ಲಿಷಲ್ಲಿ ಮಾತಾಡ್ಲಾ?"

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನ್‌ಸರಾ ನಗಲಿಲ್ಲ. ಬಿಪನಾಳನ್ನು ಒಂದು ಕ್ಷಣ ದಿಟ್ಟಿಸಿ, ಸೆರಗು ಕೊಡವಿಕೊಂಡು ಹೊರಟುಹೋದಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ಮುಂದಿನ ಶನಿವಾರ ಬಂದವಳು ಪಂಫಾ ಒಬ್ಬಳೇ. ಇಬ್ಬರೂ ಖಾಲಿ ಕುರ್ಚಿಗಳ ನಡುವೆ ಚಹಾ ಕುಡಿದರು.

"ನಾನು ಹೇಳ್ಬೇಕಿತ್ತು," ಎಂದಳು ಬಿಪನಾ.

"ಹೇಳ್ಬೇಕಿತ್ತು," ಎಂದಳು ಪಂಫಾ. ಇಲ್ಲ ಬಿಡು ಎಂದು ಸಮಾಧಾನ ಮಾಡಲಿಲ್ಲ.

ಮರದ ಮೇಲಾದ ಅವಮಾನ ತಾನಾಗಿ ಬಂದದ್ದು. ಇದನ್ನು ತಾನೇ ತಂದುಕೊಂಡಿದ್ದಳು. ಮೊದಲನೆಯದನ್ನು ಹೇಗೋ ನುಂಗಬಹುದು, ಇದು ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತು. ಎರಡು ದಿನ ತಡೆದು, ಮೂರನೆಯ ದಿನ ಅವಳು ನದಿಯಂಚಿನ ಮನ್‌ಸರಾಳ ಗುಡಿಸಲಿಗೆ ಹೋದಳು. ಮನ್‌ಸರಾ ಬಲೆ ಬಿಡಿಸುತ್ತ ಕೂತಿದ್ದಳು. ಕೂತುಕೋ ಎನ್ನಲಿಲ್ಲ. ಬಿಪನಾ ನಿಂತೇ, ನೆಲ ನೋಡುತ್ತ, ಎಲ್ಲ ಹೇಳಿದಳು: ಮರ, ಹನಿ, ಚಿನ್ನದ ನೀರು, ಪ್ರೇಮಲಾಲನ ನಿಯಮ, ನರ್ಸಿನ ಪ್ರಶ್ನೆ.

ಮನ್‌ಸರಾಳ ಕೈ ಬಲೆಯ ಮೇಲೆ ನಿಂತಿತು. "ಕಳೆದ ಮಾಘದಲ್ಲಿ ನಾನು ಗಸ್ತಿಗೆ ಹೋದಾಗ ಹಿಂಗೇ ಆಯ್ತು. ಹಿಂದೆ ಗಂಡಸ್ರು ಬರ್ತಾವ್ರೆ. ಏನ್ ಮಾಡ್ಲಿ? ಜಾರಿ ಬಿದ್ದೆ ಅಂತ ಹೊಳೇಗೆ ಬಿದ್ಬಿಟ್ಟೆ. ಸೊಂಟದವರ್ಗೂ ನೆನ್ಕೊಂಡು, ಮಾಘದ ಚಳೀಲಿ, ಹಲ್ಲು ಕಟಕಟ ಅನ್ಕೊಂಡು ನಡ್ದೆ. ಆ ಮಡುವಲ್ಲಿ ಮೊಸಳೆ ಐತೆ ಅಂತ ನಂಗೊತ್ತಿತ್ತು ಬಹಿನಿ. ಗೊತ್ತಿದ್ದೂ ಬಿದ್ದೆ. ಗಂಡಸ್ರ ಕಣ್ಣಿಗಿಂತ ಮೊಸಳೆ ಬಾಯೇ ವಾಸಿ ಅನ್ನಿಸ್ತು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖವೂ ಕೆಂಪಾಗಿತ್ತು. ಅಷ್ಟು ಗಟ್ಟಿ ಹೆಂಗಸಿಗೂ ಇದನ್ನು ಹೇಳುವಾಗ ಬಲೆಯ ಗಂಟು ಹುಡುಕುವ ನೆಪ ಬೇಕಾಯಿತು. ಆಮೇಲೆ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. "ಹಾಲ್‌ನಲ್ಲಿ ಬ್ಯಾಡ. ಇಲ್ಲೇ ಮರಳ ಮೇಲೆ ಸೇರೋಣ. ನಾನು ಎಲ್ಲಾರ್ಗೂ ಹೇಳ್ತೀನಿ. ಯಾತಕ್ಕೆ ಅಂತಾನೂ ಹೇಳ್ತೀನಿ."

ಹಾಗೆ ಕೂಟ ನಿಜವಾಗಿ ಶುರುವಾದದ್ದು ರಾಪ್ತಿಯ ಮರಳಿನ ಮೇಲೆ. ಹಾರವಿಲ್ಲ, ದೀಪವಿಲ್ಲ. ಮನ್‌ಸರಾ ಮೀನು ಸುಟ್ಟಳು, ಬಿಪನಾ ಅತ್ತೆ ಬೇಯಿಸಿದ ಅಕ್ಕಿಹಿಟ್ಟಿನ ಢಿಕ್ರಿ ಒಯ್ದಿದ್ದಳು. ಮೊದಲು ಎಲ್ಲರೂ ಮರಳಲ್ಲಿ ಬೆರಳಾಡಿಸುತ್ತ ಕೂತರು. ರೋಜಿನಾ ಮೆಲ್ಲಗೆ ಶುರುಮಾಡಿದಳು. ಆಮೇಲೆ ಸಸಿತೋಟದವಳು. ಒಬ್ಬಳು ಅತ್ತಳು. ಒಬ್ಬಳು ಹೇಳಿದ್ದಕ್ಕೆ ಎಲ್ಲರೂ ಮರಳಿನ ಮೇಲೆ ಉರುಳಾಡಿ ನಕ್ಕರು, ನಕ್ಕ ಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಆಚೆ ಈಚೆ ನೋಡಿದರು. ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡರು. ಯಾರಿಗೆ ಕಷ್ಟವಾದರೂ ಬರೆಯುವುದು, ಹತ್ತಿರದಲ್ಲಿರುವವಳು ಬಟ್ಟೆಯೋ ಮಾತ್ರೆಯೋ ಹಿಡಿದು ಹೋಗುವುದು. ಪಂಫಾಳ ಠಾಣೆಗೆ ಚಿಲಕ ತಾವೇ ಕೊಂಡು ಹೋಗಿ ಹಾಕುವುದು.

"ಆ ನಿಯಮದ ಕತೆ ಏನು?" ಪಂಫಾ ಕೇಳಿದಳು. "ಅದು ಉಳ್ಕೊಂಡ್ರೆ ನಾಳೆ ನಮ್ಮ ಠಾಣೆಗೂ ಬರುತ್ತೆ ದೀದಿ."

"ನನ್ನಿಂದ ಆಗಲ್ಲ. ಆ ಗಂಡಸ್ರ ಮುಂದೆ..."

"ಆಗ್ದಿದ್ರೆ ಬಿಡು," ಮನ್‌ಸರಾ ಮೀನಿನ ಮುಳ್ಳು ಉಗಿದಳು. "ಮತ್ತೆ ಇಂಗ್ಲಿಷ್ ಕ್ಲಾಸೇ ಮಾಡು."

ಅಂದು ಬಿಪನಾ ಹೋಮನಾಥನನ್ನೂ ಬಿಡಲಿಲ್ಲ. ತಂಗಿ ತಂಗಿ ಎನ್ನುತ್ತಲೇ ಊರೆಲ್ಲ ಡಂಗುರ ಹೊಡೆದವನು ಎಂದಳು. ಹೆಂಗಸರು ಅವನಿಗೆ ಶಾಪ ಹಾಕಿದರು. ಆ ಬಿಸಿಯಲ್ಲೇ ಮಾರನೆಯ ದಿನ, ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡುತ್ತೇನೆ ಎಂದು ಅವನ ಮನೆಗೆ ಹೋದಳು.

ಅಂಗಳದ ಮೂಲೆಯಲ್ಲಿ, ಮನೆಯಿಂದ ಬೇರೆಯಾಗಿದ್ದ ಚಪ್ಪರದ ಕೆಳಗೆ ಹೋಮನಾಥನ ಹೆಂಡತಿ ತುಲಸಾ ಕಂಬಳಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಅವಳಿಗೆ ಅದು ಹೊರಗಿನ ದಿನ.

"ಹತ್ರ ಬರ್ಬೇಡ ಬಹಿನಿ, ಅಲ್ಲೇ ನಿಲ್ಲು," ಎಂದಳು. ಆಮೇಲೆ ತಾನೇ ಮುಂದುವರಿಸಿದಳು. "ನೀನು ಯಾಕೆ ಬಂದಿದೀಯ ಅಂತ ಗೊತ್ತು. ಅವರನ್ನ ಬೈಬೇಡ. ಅವರು ಯಾರಿಗೂ ಹೇಳಿಲ್ಲ. ಕೈ ಕೆಂಪಗಾಗೋ ಹಾಗೆ ತಿಕ್ಕಿದ್ರಲ್ಲ, ಏನಾಯ್ತು ಅಂತ ನಾನೇ ಪೀಡಿಸಿ ಕೇಳ್ದೆ. ಚಿನ್ನದ ನೀರು ಚಿಮುಕಿಸಿದ್ದು ನಾನು. ನಲ್ಲಿ ಹತ್ರ ಹೆಂಗಸರ ಹತ್ರ ಬಾಯಿ ಬಿಟ್ಟಿದ್ದೂ ನಾನೇ."

ಬಿಪನಾ ಬಾಯಲ್ಲಿ ಕಟ್ಟಿಕೊಂಡು ತಂದಿದ್ದ ಮಾತೆಲ್ಲ ಅಲ್ಲೇ ಕರಗಿತು. ಎಷ್ಟು ದಿನದಿಂದ ಆ ಮನುಷ್ಯನನ್ನು ಕಂಡರೆ ದಾರಿ ಬದಲಿಸಿದ್ದಳು! ನಿನ್ನೆ ತಾನೇ ಹನ್ನೆರಡು ಬಾಯಿಗಳಿಂದ ಅವನಿಗೆ ಶಾಪ ಹಾಕಿಸಿದ್ದಳು.

"ತಪ್ಪಾಯ್ತು," ಎಂದಳು ತುಲಸಾ, ತಟ್ಟೆಯ ಅಂಚನ್ನು ಸವರುತ್ತ. "ಇಲ್ಲಿ ಕೂತಾಗೆಲ್ಲ ನೆನಪಾಗುತ್ತೆ. ನಾನೇ ಇಲ್ಲಿ ಕೂರೋಳು, ನಾನೇ ನಿನ್ನ ಬಗ್ಗೆ ಆಡ್ಕೊಂಡೆ."

ಹಿಂದಿನಿಂದ ಕೆಮ್ಮು ಕೇಳಿಸಿತು. ಹೋಮನಾಥ ಹುಲ್ಲಿನ ಹೊರೆ ಇಳಿಸಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಬಹಿನಿ, ನಾನು ಹೇಳ್ಲಿಲ್ಲ ಅನ್ನೋದೇನು ದೊಡ್ಡಸ್ತಿಕೆ ಅಲ್ಲ. ಆ ನಿಯಮ ಮಾಡಿದ ದಿನ ನಾನು ಅಲ್ಲೇ ಇದ್ದೆ. ಆ ಹೆಂಗಸನ್ನ ಹೆಗಲು ಕೊಟ್ಟು ಹತ್ತಿಸಿ ಜೀವ ಉಳಿಸಿದೋಳು ನೀನು ಅಂತ ಹೇಳ್ಬೇಕಾಗಿತ್ತು. ನನ್ನ ಚಪ್ಪಲಿ ನೋಡ್ಕೊಂಡು ಕೂತಿದ್ದೆ." ಹೊರೆಯ ಹಗ್ಗ ಬಿಚ್ಚುತ್ತ, "ಮುಂದಿನ ಸಭೇಲಿ ನಾನು ಮಾತಾಡ್ತೀನಿ," ಎಂದ.

"ಬೇಡ ದಾಜು. ನಾನೇ ಮಾತಾಡ್ತೀನಿ. ನೀವು ಚಪ್ಪಲಿ ನೋಡ್ಬೇಡಿ, ಅಷ್ಟು ಸಾಕು."

ಹೊರಡುವಾಗ ತುಲಸಾ ಕೂಗಿದಳು. "ಆ ಮರಳ ಮೇಲಿನ ಕೂಟಕ್ಕೆ ನಾನು ಬರ್ಬಹುದಾ? ನನಗೆ ಕಾಡಿನ ಕೆಲಸ ಇಲ್ಲ."

ಬಿಪನಾ ತಿರುಗಿ ನಿಂತು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಕರೆದಳು. "ಬನ್ನಿ ಭಾವ್ಜು. ಕೂಟ ಈ ದಿನಗಳಲ್ಲಿ ಬಿದ್ರೂ ಬನ್ನಿ."

ಸಂಘದ ಸಭೆಯ ದಿನ ಅವಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಳು. ತನ್ನ ಸರದಿ ಬಂದಾಗ ಎದ್ದಳು. ಕಿವಿ ಕಾದ ಕಬ್ಬಿಣದಂತೆ ಸುಡುತ್ತಿತ್ತು. "ನನಗೆ ಮರದ ಮೇಲೆ ಮುಟ್ಟಿನ ರಕ್ತ ಹೋಯ್ತು," ಎಂದಳು. ಯಾರೋ ಕೆಮ್ಮಿದ. "ಅದಕ್ಕೇನೂ ಘೇಂಡಾ ಬರ್ಲಿಲ್ಲ. ಅದು ಅಲ್ಲೇ ಇತ್ತು, ನಾವು ಅದರ ಹತ್ರ ಹೋದ್ವಿ. ನಾನು ಯಾವ ದಿನ ಹೊರಗೆ ಅಂತ ನಿಮಗ್ಯಾರಿಗೂ ಹೇಳಲ್ಲ. ಕಾಡಿಗೆ ಬರ್ತೀನಿ." ಇನ್ನೂ ಹೇಳಬೇಕೆಂದುಕೊಂಡದ್ದು ಬಹಳವಿತ್ತು. ದನಿ ಒಡೆಯಿತು, ಕಣ್ಣು ತುಂಬಿತು, ಧೊಪ್ಪನೆ ಕೂತಳು. ಸಾಲು ಸಾಲಾಗಿ ಗಂಡಸರು ತಮ್ಮ ತಮ್ಮ ಕಾಲಿನ ಕಡೆ ನೋಡುತ್ತಿದ್ದರು. ಹೋಮನಾಥ ಒಬ್ಬನೇ ತಲೆಯೆತ್ತಿ ಕೂತಿದ್ದ, ಮುಖ ಕೆಂಪೇರಿತ್ತು.

"ಅವಳು ಹೇಳಿದ್ದು ಸರಿ," ಎಂದ. "ತಪ್ಪು ದಾರಿ ಹಿಡಿಸಿದ್ದು ನಾನು. ಗಾಳಿ ನೋಡ್ಲಿಲ್ಲ."

ಪ್ರೇಮಲಾಲ್ ಗಂಟಲು ಸರಿಪಡಿಸಿಕೊಂಡು ಈ ವಿಷಯ ಮುಂದಿನ ಸಭೆಗೆ ಇಡೋಣ ಎಂದ. ಮುಂದಿನ ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಿಯಮವನ್ನು ತೆಗೆಯಲೂ ಇಲ್ಲ, ಯಾರೂ ಅವಳನ್ನು ಕೇಳಲೂ ಇಲ್ಲ. ಚಹಾ ಅಂಗಡಿಯ ಮಾತು ಪೂರ್ತಿ ನಿಲ್ಲಲಿಲ್ಲ, ದನಿ ಮಾತ್ರ ತಗ್ಗಿತು. ಆ ಬೆಂಚಿನ ಎದುರು ಹಾದು ಹೋಗುವಾಗ ಬಿಪನಾಳ ಬೆನ್ನು ಈಗಲೂ ಬಿಗಿಯುತ್ತದೆ. ಮರಳ ಮೇಲಿನ ಕೂಟಕ್ಕೆ ಒಂದು ಹೆಸರಿಡಬೇಕೆಂದು ಹೆಂಗಸರು ಪ್ರತಿ ಸಲವೂ ಜಗಳವಾಡುತ್ತಾರೆ. ಪ್ರತಿ ಸಲವೂ ಮೀನು ಮೊದಲು ಮುಗಿಯುತ್ತದೆ.

ಮಳೆಗೆ ಕಾಡಿನ ದಾರಿ ಮುಚ್ಚುವ ಮೊದಲು, ಆಷಾಢದಲ್ಲಿ, ಅವಳು ಮತ್ತೆ ಹೋಮನಾಥನ ಜೊತೆ ನಡಿಗೆಗೆ ಹೋದಳು. ಪೋಖರಾದಿಂದ ಬಂದ ಒಂದು ಸಂಸಾರ ಜೊತೆಗಿತ್ತು. ಬೆಳಿಗ್ಗೆ ಬಾಟಲಿ ತುಂಬ ನೀರು ಕುಡಿದಿದ್ದಳು. ಮಧ್ಯಾಹ್ನ ಸಾಲ ಮರಗಳ ನಡುವೆ ನಿಂತು, "ದಾಜು, ಸ್ವಲ್ಪ ನಿಲ್ಲಿ. ನಾನು ಆ ಕಡೆ ಹೋಗ್ಬರ್ಬೇಕು," ಎಂದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ.

ಹೋಮನಾಥ ಪೆಚ್ಚಾದ. ಏನು ಮಾಡಬೇಕೆಂದು ತೋಚದೆ ಒಮ್ಮೆ ಆಕಾಶ ನೋಡಿದ. ಆಮೇಲೆ ಗಟ್ಟಿಯಾಗಿ, "ಎಲ್ಲರೂ ಈ ಕಡೆ ನೋಡಿ, ಇಲ್ಲಿ, ಇಲ್ಲಿ, ಅಪರೂಪದ ಹಕ್ಕಿ!" ಎಂದು ಪ್ರವಾಸಿಗರನ್ನೆಲ್ಲ ಇನ್ನೊಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ. ಬಿಪನಾ ಪೊದೆಯ ಹಿಂದೆ ಮುಖವೆಲ್ಲ ಕೆಂಪಾಗಿ ಕೂತುಕೊಂಡು ಕೇಳಿಸಿಕೊಂಡಳು. ಎಲ್ಲಿ, ಎಲ್ಲಿ ಎಂದು ಮಕ್ಕಳು ಕೇಳುತ್ತಿದ್ದರು. ಅವಳು ಮರಳಿ ಬರುವವರೆಗೂ ಹೋಮನಾಥ ಅಲ್ಲಿಲ್ಲದ ಆ ಹಕ್ಕಿಯ ರೆಕ್ಕೆಯ ಬಣ್ಣವನ್ನು ಅವರಿಗೆ ಬಿಡದೆ ವರ್ಣಿಸುತ್ತಲೇ ಇದ್ದ.